ಟಾಕಿಯ ಮೇಲಿನ ಶಾಹೀನ

ಅಫಜಲಪುರ
೧೪ ಮೇ ೧೯೮೯

ಪ್ರೀತಿಯ ಅಣ್ಣಾ,

ತಂಗಿ ಕಸ್ತೂರಿಬಾಯಿಯ ನಮಸ್ಕಾರ. ದೌಂಡದ ಬಿಸಿಲಿನಲ್ಲಿ ರೈಲುಹಳಿಯ ಕೆಲಸ ಮಾಡುವ ನಿನ್ನ ಆರೋಗ್ಯ ಹೇಗಿದೆ? ಕಣ್ಣುರಿ ಕಡಿಮೆಯಾಯಿತೆ? ಅವ್ವನ ಮೊಣಕಾಲು ನೋವು ಇದ್ದ ಹಾಗೇ ಇದೆ. ಹೊಟ್ಟೆ ತುಂಬ ಉಣ್ಣು ಎಂದು ನಿನಗೆ ಬರೆಯಲು ಎರಡು ಸಲ ನೆನಪಿಸಿದಳು. ನಿನ್ನ ಕಾಗದಗಳು ಬಂದವು. ಶಾಹೀನದ ಮರಿಗಳು ಹಾರಿದವೆ, ಅಪ್ಪ ಯಾಕೆ ಉತ್ತರ ಬರೆಯುತ್ತಿಲ್ಲ ಎಂದು ಕೇಳಿದ್ದೀಯ. ಅಪ್ಪ ಬರೆಯುವುದಿಲ್ಲ ಅಣ್ಣಾ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಸಂಕ್ರಾಂತಿಗೆ ಬಂದಾಗ ನೀನೇ ನೋಡಿದ್ದೆ, ನಮ್ಮ ಓಣಿಯ ನೀರಿನ ಟಾಕಿಯ ಮೇಲೆ ಆ ಶಾಹೀನ ಡೇಗೆಯ ಜೋಡಿ ಬಂದು ಕೂರುತ್ತಿತ್ತು. ನೀನು ಹೋದ ಮೇಲೆ ಟಾಕಿಯ ಸುತ್ತಲಿನ ಅಂಚಿನಲ್ಲಿ, ಏಣಿಯ ಪಕ್ಕದಲ್ಲೇ ಹೆಣ್ಣು ಮೊಟ್ಟೆಯಿಟ್ಟಿತು. ಒಂದು ಕಡ್ಡಿಯನ್ನೂ ತರಲಿಲ್ಲ, ಬರೀ ಧೂಳಿನಲ್ಲೇ ಇಟ್ಟಿತು. ಪಕ್ಕದ ಮನೆಯ ಶರಫುದ್ದೀನ ಕಾಕಾ ಪಾರಿವಾಳ ಸಾಕಿದವರು. ಅವರೇ ಮೊದಲು ಕೋಲು ಹಿಡಿಯುತ್ತಾರೆ ಎಂದುಕೊಂಡಿದ್ದೆವು. ಅದು ಗಾಳಿಯಲ್ಲಿ ಹೊಡೆದು ಒಯ್ಯುತ್ತಿದ್ದದ್ದು ಅವರ ಪಾರಿವಾಳಗಳನ್ನೇ ಅಲ್ಲವೆ? ಆದರೆ ಕಾಕಾ ಅಪ್ಪನಿಗೆ, "ಇದು ಶಾಹೀನ ಅದರಿ ಶಾಂತಲಿಂಗಪ್ಪ. ಗುಡ್ಡ ಬಿಟ್ಟು ನಮ್ಮ ಓಣಿಗಿ ಬಂದದ. ಮೆಹಮಾನರಿಗಿ ಕಲ್ಲ ಒಗಿತಾರೇನ್ರಿ?" ಎಂದು ತಮ್ಮ ಪಾರಿವಾಳಗಳನ್ನು ಒಳಗೆ ಕೂಡಿಹಾಕಿದರು. ಸಂಜೆಯಾದರೆ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು ಟಾಕಿ ನೋಡುವರು. ಹೋಗಿಬರುವವರೂ ಕತ್ತೆತ್ತಿ ನಿಲ್ಲುವರು. ಓಣಿಯಲ್ಲಿ ಮದುವೆಯಾದರೂ ಒಬ್ಬರೂ ಪಟಾಕಿ ಹಚ್ಚಲಿಲ್ಲ.

ಮೂರು ಮರಿಗಳಾದವು. ಆಗಲೇ ಬೇಸಿಗೆಯ ಮೊದಲು ಟಾಕಿ ತೊಳೆಯುವವರು ಬಂದರು. ಏಣಿ ಹತ್ತಿದರೆ ರೆಕ್ಕೆ ಬಲಿಯದ ಮರಿಗಳು ಬೆದರಿ ಕೆಳಗೆ ಬೀಳುತ್ತವೆ ಎಂದು ಅಪ್ಪ ತಡೆದ. ಓಣಿಯವರೆಲ್ಲ ಅವನ ಹಿಂದೆ ನಿಂತರು. "ಮರಿ ಹಾರಿ ಹೋಗ್ಲಿ, ಆಮ್ಯಾಲ ತೊಳೀರಿ. ಏನರ ಆದ್ರ ನನಗ ಕೇಳ್ರಿ" ಎಂದು ಅಪ್ಪ ಹೇಳಿದ. ಅವರು ತೊಳೆಯದೆ ಹೋದರು.

ರಂಜಾನಿನ ಉಪವಾಸ ಶುರುವಾದ ವಾರವೇ ಓಣಿಯಲ್ಲಿ ವಾಂತಿಭೇದಿ ಬಿತ್ತು. ತೊಳೆಯದ ಟಾಕಿಯ ನೀರೇ ಕಾರಣ ಎಂದು ಎಲ್ಲರೂ ಅಂದುಕೊಂಡರು. ಅವ್ವ ಮಲಗಿ ಎದ್ದಳು. ಶರಫುದ್ದೀನ ಕಾಕಾರ ಮೊಮ್ಮಗಳು ಮುನ್ನಿ ಏಳಲಿಲ್ಲ. ಹೌದು ಅಣ್ಣಾ, ಸಿಕಂದರನ ಮಗಳು, ನಿನ್ನ ಹೆಗಲೇರಿ ಶಾಹೀನ ತೋರಿಸು ಎಂದು ಹಟ ಮಾಡಿದವಳೇ. ಗುಲಬರ್ಗಾಕ್ಕೆ ಒಯ್ಯಲು ಜೀಪು ಮಾಡಿದ್ದರು. ಚೌಡಾಪುರ ದಾಟುವಷ್ಟರಲ್ಲಿ ತಾಯಿಯ ತೊಡೆಯ ಮೇಲೆಯೇ ಮೈ ತಣ್ಣಗಾಯಿತು.

ಮಣ್ಣು ಕೊಟ್ಟು ಬಂದ ಸಿಕಂದರ ನೇರವಾಗಿ ಟಾಕಿ ಹತ್ತಿದ. ಯಾರೂ ತಡೆಯಲಿಲ್ಲ. ಮರಿಗಳಿಗಾಗಿ ಅಪ್ಪನ ಹಿಂದೆ ನಿಂತವರೇ ಈಗ ನಿಂತು ನೋಡಿದರು. ಮೂರನ್ನೂ ಕೆಳಗೆ ಎಸೆದ. ತಾಯಿಹಕ್ಕಿ ಮತ್ತೆ ಮತ್ತೆ ಎರಗಿ ಅವನ ನೆತ್ತಿ ಹರಿಯಿತು. ಅವನು ಕೈಯನ್ನೂ ಅಡ್ಡ ಹಿಡಿಯಲಿಲ್ಲ. ಇಳಿದು ಬಂದು, ರಕ್ತ ಒರೆಸಿಕೊಳ್ಳದೆ, ಅಪ್ಪನ ಮುಂದೆ ನಿಂತ. "ಕಾಕಾ, ಏನರ ಆದ್ರ ನನಗ ಕೇಳ್ರಿ ಅಂದಿದ್ರಿ. ಕೇಳ್ಲಿಕ್ಕಿ ಬಂದೀನಿ" ಎಂದ. ಶರಫುದ್ದೀನ ಕಾಕಾ ಮಗನ ತೋಳು ಹಿಡಿದು ಕರೆದೊಯ್ದರು. ಅಪ್ಪನ ಕಡೆ ನೋಡಲಿಲ್ಲ. ಈ ಸಲ ಆ ಮನೆಯಲ್ಲಿ ಹಬ್ಬವೂ ಆಗಲಿಲ್ಲ.

ಮೊನ್ನೆ ರಸ್ತೆ ಅಗೆದಾಗ ಗಟಾರದ ಅಡಿಯಲ್ಲಿ ನಳದ ಪೈಪು ಒಡೆದಿರುವುದು ಕಂಡಿತು. ಹೊಲಸೆಲ್ಲ ಅಲ್ಲಿಂದಲೇ ಸೇರುತ್ತಿತ್ತು. ಅದೇ ಟಾಕಿಯ ನೀರು ಕುಡಿದ ಆಚೆ ಓಣಿಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಅದು ಆಗ ಯಾರಿಗೂ ಹೊಳೆಯಲಿಲ್ಲ. ಈಗ ಎಲ್ಲರಿಗೂ ಗೊತ್ತು. ಆದರೂ ಅಪ್ಪನ ಬಳಿ ಬಂದು ಒಬ್ಬರೂ ಹೇಳಲಿಲ್ಲ. ನಾನೇ ಹೇಳಿದೆ: "ಟಾಕಿ ತೊಳದಿದ್ರೂ ಮುನ್ನಿ ಉಳೀತಿದ್ದಿಲ್ಲಪ್ಪ." ಅಪ್ಪ, "ತೊಳಿಲಿಕ್ಕಿ ಬಂದವರು ಪೈಪೂ ನೋಡ್ತಿದ್ರೇನೋ, ಕಸ್ತೂರಿ" ಎಂದ. ಎರಡು ತುತ್ತು ಉಂಡು ತಟ್ಟೆ ಸರಿಸುತ್ತಾನೆ. ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟಿದ್ದಾನೆ. ಅವ್ವ ನೀರು ತರಲು ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರಂತೆ.

ಬಸವಣ್ಣ ನಿನ್ನ ಬೆನ್ನಿಗಿರಲಿ ಎಂದು ಅವ್ವ ಹರಸಿದ್ದಾಳೆ. ಹಳಿಯ ಮೇಲೆ ಎಚ್ಚರದಿಂದಿರು.

ನಿನ್ನ ತಂಗಿ
ಕಸ್ತೂರಿ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ಮುನ್ನಿಯ ತಾಯಿ ಹಮೀದಾಬೇಗಂ ಹಿತ್ತಲ ಬಾಗಿಲಿಗೆ ಬಂದಿದ್ದರು. "ನಿಮ್ಮಪ್ಪಾರು ದಿನಾ ಮುಂಜಾನಿ ನಮ್ಮ ಬಾಗಿಲ ಮುಂದ ಬಂದು ನಿಂದರ್ತಾರವ್ವ. ಕರೆಯಲ್ಲ, ಮಾತಾಡಲ್ಲ. ಇವತ್ತ ನಾನೇ ಬಾಗಿಲ ತಗದು ಒಳಗ ಬರ್ರಿ ಅಂದೆ. ಹಂಗೇ ತಿರುಗಿ ಹೋದ್ರು. ಯಾರರ ಕರ್ಕೊಂಡು ಬರ್ರಿ ಅವರಿಗಿ" ಎಂದು ಹೇಳಿ ಹೋದರು. ನನ್ನ ಜೊತೆ ಬರಲು ಅಪ್ಪ ಒಪ್ಪುತ್ತಿಲ್ಲ. ಹೇಗಾದರೂ ರಜೆ ಕೇಳಿ ಬೇಗ ಬಾ ಅಣ್ಣಾ. ಆ ತಾಯಿ ಒಳಗೆ ಬನ್ನಿ ಎನ್ನುತ್ತಿರುವಾಗಲೇ ಬಾ.