ಕಾಂಡ್ಲಾ ಸಸಿ ಯಾಕೆ ಉಳಿಯಲ್ಲ

ಅಕ್ಕಾ, ಕಾರ್ಡಿನಲ್ಲಿ ಜಾಗ ಕಮ್ಮಿ, ಸಣ್ಣ ಅಕ್ಷರ ನೋಡಿ ಬೈಯಬೇಡ. ನನ್ನ ಪಿಎಚ್‌ಡಿ ವಿಷಯ ನಿನಗೆ ಗೊತ್ತಲ್ಲ, ಅಳಿವೆಯ ಕೆಸರಿನಲ್ಲಿ ವರ್ಷವರ್ಷವೂ ನೆಡೋ, ಉಪ್ಪುನೀರಲ್ಲೇ ಕಾಡಾಗಿ ಬೆಳೆಯೋ ಕಾಂಡ್ಲಾ ಸಸಿಗಳು ಯಾಕೆ ಉಳಿಯೋದಿಲ್ಲ ಅಂತ. ನಿನ್ನೆ ನಾವೂ ಕೂಲಿ ಹೆಂಗಸರೂ ಸೇರಿ ಮೊಣಕಾಲುದ್ದ ಕೆಸರಲ್ಲಿ ನೆಟ್ಟು ಬಂದ್ವಿ. ಇವತ್ತು ಬೆಳಿಗ್ಗೆ ನೀರಿಳಿದ ಮೇಲೆ ಹೋಗಿ ನೋಡ್ತೀನಿ, ಅದೇ ಹೆಂಗಸರು ಸಾಲು ಹಿಡಿದು, ಮನೆಮಾತು ಆಡ್ಕೊಂಡು, ಕಳೆ ಕೀಳೋ ಹಾಗೆ ಸಸಿ ಕೀಳ್ತಿದ್ದಾರೆ. ಎಲ್ಲರಿಗಿಂತ ಮುಂದೆ ಇದ್ದವರು ನಾನು ಬಾಡಿಗೆಗಿರೋ ಮನೆಯ ಅಜ್ಜಿ. ನಾನು ಹತ್ತಿರ ಹೋದೆ. ಅಜ್ಜಿ ಸೊಂಟ ನೆಟ್ಟಗೆ ಮಾಡಿ, "ಇದೆಲ್ಲ ಕಾಡಾದರೆ ನಾವು ಕಪ್ಪೆಚಿಪ್ಪು ಎಲ್ಲಿ ಆರಿಸೋದು ಮಗಾ? ನೆಡೋಕೆ ಕರೆದ್ರು, ನೆಡಬಹುದಾ ಅಂತ ಯಾರೂ ಕೇಳಲಿಲ್ಲ" ಅಂದು ಮತ್ತೆ ಬಗ್ಗಿದ್ರು.

ಊಟಕ್ಕೆ ತೊಂದರೆ ಇಲ್ಲ. ಚಿಪ್ಪು ತಾಗಿ ಅಂಗಾಲು ಕುಯ್ದಿತ್ತು, ಅಜ್ಜಿಯೇ ತೊಳೆದು ಬಟ್ಟೆ ಕಟ್ಟಿದ್ರು. ಅಮ್ಮನಿಗೆ ಹೇಳಬೇಡ.

ಸಂಜೆ ಗೈಡ್ ಕೇಳಿದ್ರು, "ಏನಾದ್ರೂ ಸುಳಿವು ಸಿಕ್ತಾ?"

"ಏಡಿ ಕಡಿದು ಹಾಕ್ತಿರಬೇಕು ಸರ್" ಅಂದುಬಿಟ್ಟೆ. ಅವರು ತಲೆಯಾಡಿಸಿ ಬರೆದುಕೊಂಡ್ರು.

ಜಾಗ ಮುಗೀತು, ಅಜ್ಜಿ ಊಟಕ್ಕೆ ಕರೀತಿದ್ದಾರೆ.

ನಿನ್ನ ತಂಗಿ