ಒಕುಬೊ ಸಾನ್ ವೈನಿಗೆ ಕೋಡುಬಳೆ

ಅಕ್ಟೋಬರ್ ೧೨, ಭಾನುವಾರ. ನಿಶಿ ಕಸಾಯಿ.

ಕೋಡುಬಳೆಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಬೇರೆ ಯಾವ ದಿನವಾದರೂ ಆಗಬಹುದಿತ್ತು.

ಕೆಳಗಿನ ಮನೆಯ ಒಕುಬೊ ಸಾನ್ ತೀರಿಕೊಂಡ ಮೇಲೆ ಇವತ್ತೇ ಮೊದಲು ಅಲ್ಲಿಗೆ ಹೋದದ್ದು. ಅವರ ಫೋಟೋದ ಮುಂದೆ, ಅವರಿಗೆ ಇಷ್ಟವಾಗಿದ್ದ ಜರ್ಮನಿಯ ಸಿಹಿ ಕೆಂಪು ವೈನ್ ಇಡುತ್ತೇನೆಂದು ಅವರ ಮಗಳು ಮಿಹೊ ಹೇಳಿದ್ದಳು. ಜೊತೆಗೆ ಏನಿಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಚೀಸ್, ಚಾಕೊಲೇಟ್ ಎಲ್ಲ ಅಂಗಡಿಯವರ ಮಾತು, ಈ ಸಿಹಿಗೆ ನಿಮ್ಮ ಖಾರದ ಕೋಡುಬಳೆಯೇ ಸರಿ ಎನ್ನುತ್ತಿದ್ದರು ಒಕುಬೊ ಸಾನ್. ಒಂದು ತುಂಡು ಕಡಿದು ಒಂದು ಗುಟುಕು ಕುಡಿಯುತ್ತಿದ್ದರು. ನಾನು ಎದುರಿಗೆ ಕೂತು ಟೀ ಕುಡಿಯುತ್ತಿದ್ದೆ.

ಬೆಳಿಗ್ಗೆ ಕರಿಯುವಾಗ ನಮ್ಮನೆಯವರು ತಟ್ಟೆಗೆ ಕೈ ಹಾಕಲು ಬಂದರು. "ಎಡೆಗೆ ಇಡೋದು ರೀ, ಎಂಜಲು ಮಾಡಬೇಡಿ" ಅಂದೆ. ಅದಕ್ಕೇ ನಾನೂ ರುಚಿ ನೋಡಲಿಲ್ಲ.

ಕೈಮುಗಿದು ಸ್ವಲ್ಪ ಹೊತ್ತು ಕೂತ ಮೇಲೆ ಮಿಹೊ ತಟ್ಟೆ ಇಳಿಸಿ, ನನಗೊಂದು ಕೊಟ್ಟು ತಾನೊಂದು ತೆಗೆದುಕೊಂಡಳು. ಬಾಯಿಗಿಟ್ಟ ತಕ್ಷಣ ನನಗೆ ತಿಳಿಯಿತು. ಅವಳು "ಒಯಿಶೀ, ತುಂಬಾ ರುಚಿಯಾಗಿದೆ" ಎಂದು ತಲೆಬಾಗಿಸಿ, ಚೂರೂ ಬಿಡದೆ ತಿಂದಳು. ಉಪ್ಪು ಮರೆತೆ, ಸುಮಿಮಾಸೆನ್, ಕ್ಷಮಿಸು ಎನ್ನಲು ನನಗೆ ಬಾಯಿ ಬರಲಿಲ್ಲ.

ಈ ಊರಲ್ಲಿ ನಾನು ಏನು ಮಾಡಿಕೊಟ್ಟರೂ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. "ಅಹಲ್ಯಾ ಸಾನ್, ಇವತ್ತು ಉಪ್ಪು ಕಡಿಮೆ" ಎಂದು ಮುಖಕ್ಕೇ ಹೇಳುತ್ತಿದ್ದವರು ಒಕುಬೊ ಸಾನ್ ಒಬ್ಬರೇ.

ಫೋಟೋವನ್ನೇ ನೋಡುತ್ತ ಕೂತಿದ್ದೆ. ಇವತ್ತು ಅವರೂ ಏನೂ ಅನ್ನಲಿಲ್ಲ.