ಸಿಳ್ಳೆ ಹಾಕಿದ ತೆಕೆರೊ

ಸೆಂಟೆಶ್ ಹತ್ತಿರದ ನಮ್ಮ ಹೊಲಮನೆ,
ಗುರುವಾರ, ೧೧ ಅಕ್ಟೋಬರ್ ೧೯೨೮

ಪ್ರೀತಿಯ ಇಲ್ಲೇಶಣ್ಣಾ,

ನನ್ನ ವಕ್ರ ಅಕ್ಷರವನ್ನೂ ತಪ್ಪುಗಳನ್ನೂ ಹೊಟ್ಟೆಗೆ ಹಾಕಿಕೋ. ನಾಲ್ಕನೇ ತರಗತಿ ಬಿಟ್ಟ ಮೇಲೆ ಲೇಖನಿ ಹಿಡಿದದ್ದೇ ಕಡಿಮೆ. ಇವತ್ತು ಸಿಟ್ಟು ಬೇರೆ ಬಂದಿದೆ. ನಿನ್ನ ಕೆಮ್ಮು ಹೇಗಿದೆ? ಸೈನ್ಯದವರು ಕೊಟ್ಟ ಬೂಟು ಈಗಲೂ ಕಚ್ಚುತ್ತದೆಯೇ? ಅಮ್ಮನ ಮೊಣಕಾಲು ಪರವಾಗಿಲ್ಲ. ನಿನಗೆ ಕಾಲುಚೀಲ ಹೆಣೆಯುತ್ತಿದ್ದಾಳೆ, ಒಂದು ಮುಗಿದಿದೆ.

ನೀನು ಸೈನ್ಯಕ್ಕೆ ಹೋದಾಗಿನಿಂದ, ಹಿಡಿ ತಿರುಗಿಸಿ ತಂತಿ ನುಡಿಸುವವರಿಲ್ಲದೆ, ನಿನ್ನ ತೆಕೆರೊ ವಾದ್ಯ ಬೀರುವಿನ ಮೇಲೆ ಸುಮ್ಮನೆ ಮಲಗಿತ್ತು. ನಿನ್ನ ಜತೆ ಮದುವೆಗಳಲ್ಲಿ ಕ್ಲಾರಿನೆಟ್ ಊದುವ ಬಾಲಿಂತ್ ಮಾವ ಹೋದ ಭಾನುವಾರ ಅದನ್ನಿಳಿಸಿ, ತೊಡೆಯ ಮೇಲಿಟ್ಟುಕೊಂಡು ಹಿಡಿ ತಿರುಗಿಸಿದರು. ತಂತಿ ತನ್ನ ದನಿ ಬಿಟ್ಟು ಎಲ್ಲೋ ಮೇಲೆ ಹೋಗಿ ಸಿಳ್ಳೆ ಹಾಕಿತು. ಹಾಕದೆ ಏನು ಮಾಡೀತು? ತಂತಿಗೆ ಸುತ್ತಿದ ಹತ್ತಿ ಸವೆದು, ಬರಿಯ ತಂತಿಯೇ ಹಿಡಿಯೊಂದಿಗೆ ತಿರುಗುವ ಮರದ ಚಕ್ರಕ್ಕೆ ಉಜ್ಜುತ್ತಿತ್ತು. ಮಾವ ಮಾತ್ರ, "ಏ ವೆರೋನ್, ಇದರ ಅಚ್ಚು ಒಣಗಿದೆ ಕಣೇ! ಹಂದಿ ಕೊಬ್ಬಿನ ಡಬ್ಬಿ ತಾ" ಅಂದರು. ಅಚ್ಚಲ್ಲ ಮಾವ, ಹತ್ತಿ ಅಂದೆ, ಅದೂ ಮೆಲ್ಲಗೆ. "ನಲವತ್ತು ವರ್ಷ ಗಾಡಿ ಹೊಡೆದಿದೀನಿ, ನಂಗೆ ಅಚ್ಚು ತೋರಿಸ್ತೀಯಾ? ಹೋಗಿ ಬಾತುಗಳನ್ನ ನೋಡ್ಕೋ, ಹೋಗು!" ಎದುರಾಡಲು ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತಲ್ಲ, ಹೋದೆ. ಬಳಿದ ಕೊಬ್ಬು ಅಚ್ಚಿನಿಂದ ಚಕ್ರದ ಅಂಚಿಗೆ ಹರಿಯಿತು. ನೀನು ಬರಿಗೈಯಲ್ಲೂ ಮುಟ್ಟಲು ಬಿಡದಿದ್ದ ಚಕ್ರ! ಆಮೇಲೆ ಅದು ಹಂದಿಮರಿಯ ಹಾಗೆ ಕಿರುಚಿತು. "ಸತ್ತೋಯ್ತು ಇದು. ಶನಿವಾರ ಸಂತೇಲಿ ಕೊಟ್ಟು ಅಕಾರ್ಡಿಯನ್ ತರ್ತೀನಿ" ಅಂದರು. ಎರಡು ಚಳಿಗಾಲ ಕೂತು ನೀನು ಮಾಡಿದ ವಾದ್ಯ! ನಿನ್ನನ್ನು ಒಂದು ಮಾತು ಕೇಳುವುದು ಬೇಡವೇ?

ನಿನ್ನೆ ಎಲ್ಲರೂ ಜೋಳ ಮುರಿಯಲು ಹೋದಾಗ ನಾನೇ ಕೂತೆ. ಚಕ್ರದ ಕೊಬ್ಬನ್ನು ಪ್ಲಮ್ ಸಾರಾಯಿಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಬೇಕೆಂದೇ ಮಾವನ ಬಾಟಲಿಯಿಂದ ಬಗ್ಗಿಸಿಕೊಂಡೆ. ರಾಳ ಹಚ್ಚಿ, ನೀನು ಮಾಡುವ ಹಾಗೆಯೇ ಹತ್ತಿಯನ್ನು ತೆಳ್ಳಗೆ ಎಳೆದು ಸುತ್ತಿದೆ. ಕಿರುಚಾಟ ನಿಂತಿತು, ಆದರೆ ಸಿಳ್ಳೆ ಉಳಿಯಿತು. ಬೆರಳಿನಿಂದ ತಂತಿಯನ್ನು ಚಕ್ರದ ಕಡೆಗೆ ಒತ್ತಿದರೆ ಇಲ್ಲ, ಬಿಟ್ಟರೆ ಮತ್ತೆ. ಹಾಗಾದರೆ ತಂತಿ ಚಕ್ರವನ್ನು ಸುಮ್ಮನೆ ಸವರುತ್ತಿದೆ, ಕೂತಿಲ್ಲ ಅಂದುಕೊಂಡು ತಂತಿಗೆ ಆಸರೆಯಾದ ಮರದ ಕುದುರೆಯ ಮೇಲಿನ ಕಚ್ಚು ನೋಡಿದೆ. ತಂತಿಯ ಕೆಳಗೆ ನೀನಿಟ್ಟ ಕಾಗದದ ಚೂರು ಒಂದೇ. ಅದರ ಮೇಲೆ ಇನ್ನೆರಡು, ಮಾವ ಹೊಗೆಸೊಪ್ಪು ಸುರುಳಿ ಸುತ್ತುವ ಕಾಗದ! ಭಾನುವಾರ ಕಿರುಚಾಟ ನಿಲ್ಲಿಸಲೆಂದು ಅವರೇ ತುರುಕಿರಬೇಕು. ಅವೆರಡನ್ನೂ ಕಿತ್ತೆ. ತಂತಿ ಕೆಳಗಿಳಿದು ಕೂತಿತು, ತನ್ನದೇ ದನಿಯಲ್ಲಿ ಹಾಡಿತು. ಅಣ್ಣಾ, ನೀನೇ ಅಡುಗೆಮನೆಗೆ ಬಂದಂತಾಯಿತು. ಗೊತ್ತಿದ್ದ ಒಂದು ಹಾಡನ್ನು ಮೂರು ಸಲ ನುಡಿಸಿದೆ.

ಹೊಲದಿಂದ ಬಂದ ಮಾವ ಬಾಗಿಲಲ್ಲೇ ನಿಂತು ಕೇಳಿ, "ನೋಡಿದ್ಯಾ? ಕೊಬ್ಬು ಹಿಡಿಯೋಕೆ ಮೂರು ದಿನ ಬೇಕಾಯ್ತು ಅಷ್ಟೇ!" ಅಂದರು. ಪಕ್ಕದ ಹೊಲಮನೆಗೂ ಹೋಗಿ ಹೇಳಿ ಬಂದರು. ಸರಿ, ಹಾಗಾದರೆ ಸಂತೆಗೆ ಒಯ್ಯುವುದು ಬಿಟ್ಟರೇ? ಇಲ್ಲ! "ಹಾಡೋ ವಾದ್ಯಕ್ಕೆ ಇನ್ನೂ ದೊಡ್ಡ ಅಕಾರ್ಡಿಯನ್ನೇ ಸಿಗತ್ತೆ" ಅಂತ ಮೀಸೆ ತಿರುವಿದರು. ನಾನು ಅವರ ಸೂಪಿಗೆ ಖಾರ ಸುರಿದೆ. ಚೆನ್ನಾಗಿದೆ ಅಂತ ಎರಡು ತಟ್ಟೆ ಕುಡಿದರು.

ಅಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ದೇವರು ನಿನ್ನನ್ನು ಬೆಚ್ಚಗಿಡಲಿ.

ನಿನ್ನ ತಂಗಿ,
ವೆರೋನ್

ಮರೆತಿದ್ದೆ: ನೀನು ಬರುವವರೆಗೆ ತೆಕೆರೊ ವೆರೋನ್ ಕೈಯಲ್ಲಿರಲಿ, ಅವಳೇ ನುಡಿಸಲಿ ಎಂದು ಮಾವನಿಗೆ ಎರಡು ಸಾಲು ಬರೆ. ನನ್ನ ಮಾತಿಗೆ ಕಿವಿಗೊಡದವರು ನಿನ್ನ ಅಕ್ಷರ ಕಂಡರೆ ಟೋಪಿ ತೆಗೆಯುತ್ತಾರೆ. ಕಾಗದ ಶನಿವಾರದೊಳಗೆ ಬರಲಾರದು, ಗೊತ್ತು. ಅದಕ್ಕೇ ಇವತ್ತು ಬೆಳಿಗ್ಗೆ ತೆಕೆರೊ ತಿರುಗಿಸುವ ಹಿಡಿಯನ್ನು ಕಳಚಿ ನನ್ನ ಏಪ್ರನ್ ಜೇಬಿಗೆ ಹಾಕಿಕೊಂಡೆ. ಮಾವ ಒಲೆಯ ಹಿಂದೆ ತಡಕಾಡುತ್ತಾ ನನ್ನನ್ನು ಕೂಗುತ್ತಿದ್ದಾರೆ. ಹೋಗಿ ನಾನೂ ಅವರ ಜತೆ ಹುಡುಕುತ್ತೇನೆ.